ಮ್ಯೂನಿಕ್‌ನಿಂದ ಕೋನಿಗ್ಸೀಗೆ ಎರಡು ದಿನ: ಓದಲು ಹೋದ ಐವರು ಗೆಳೆಯರ ವಾರಾಂತ್ಯಕ್ಕೆ ಸಮಗ್ರ ಮಾರ್ಗದರ್ಶಿ

ಜರ್ಮನಿಗೆ ಓದಲು ಬಂದ ಹುಡುಗ ಹುಡುಗಿಯರ ವಾಟ್ಸಾಪ್ ಗುಂಪುಗಳಲ್ಲಿ ವಾರಾಂತ್ಯದ ಪ್ರವಾಸ ಹುಟ್ಟುವುದು ಗುರುವಾರ ರಾತ್ರಿ, ಸಾಯುವುದು ಶುಕ್ರವಾರ ಸಂಜೆ. ಅದನ್ನೂ ದಾಟಿ ಬದುಕಿದವುಗಳಲ್ಲಿ ಅರ್ಧ ಕೆಡುವುದು ಭಾನುವಾರ ಸಂಜೆ, ತಪ್ಪಿಹೋದ ಒಂದು ದೋಣಿಯಿಂದಲೋ ಬಸ್ಸಿನಿಂದಲೋ. ಹೋಗುವಾಗ ಎಲ್ಲರಿಗೂ ಉತ್ಸಾಹ, ವಾಪಸ್ ಬರುವುದರ ಲೆಕ್ಕ ಯಾರೂ ಹಾಕಿರುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಲೆಕ್ಕ ಶುರುವಾಗುವುದೇ ಭಾನುವಾರ ರಾತ್ರಿಯಿಂದ.

ಜಾಗ ಕೋನಿಗ್ಸೀ ಸರೋವರ. ಜರ್ಮನಿಯ ಆಗ್ನೇಯ ಮೂಲೆಯಲ್ಲಿ, ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಪಕ್ಕದ ಬೆರ್ಖ್ಟೆಸ್‌ಗಾಡೆನ್ ಪಟ್ಟಣದಿಂದ ಸುಮಾರು 5 ಕಿ.ಮೀ. ದೂರ. ಸುಮಾರು 8 ಕಿ.ಮೀ. ಉದ್ದ, ಅತಿ ಹೆಚ್ಚೆಂದರೆ 190 ಮೀಟರ್ ಆಳ, ಎರಡೂ ಬದಿಗೆ ನೆಟ್ಟಗೆ ನಿಂತ ಬಂಡೆಗೋಡೆ, ಪಶ್ಚಿಮಕ್ಕೆ 2713 ಮೀಟರ್ ಎತ್ತರದ ವಾಟ್ಸ್‌ಮನ್ ಶಿಖರ. ಬಾಡಿಗೆ ಕಾರು, ವೇಗದ ರೈಲು ಎರಡೂ ಬೇಡ. ಪ್ರಾದೇಶಿಕ ರೈಲು ಮತ್ತು ಬಸ್ಸಿನಲ್ಲೇ ಪೂರ್ತಿ ಮುಗಿಯುವ ಪ್ರವಾಸ ಇದು, ವಿದ್ಯಾರ್ಥಿ ಜೇಬಿಗೆ ಹೊಂದುವುದೂ ಅದಕ್ಕೇ.

ಮೇ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ ಹೋಗಬಹುದು. ಚಳಿಗಾಲದಲ್ಲಿ ದೋಣಿ ಸರೋವರದ ತುದಿಯವರೆಗೆ ಹೋಗುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ವಿಪರೀತ ಜನ, ಮೇಲಾಗಿ ಮಧ್ಯಾಹ್ನದ ಗುಡುಗು ಮಳೆ. ಸೆಪ್ಟೆಂಬರ್ ಎರಡನೇ ವಾರದಿಂದಾಚೆಗೆ ಇರುವ ಹವೆಯೇ ಉತ್ತಮ. ಅಕ್ಟೋಬರ್ 3 ಜರ್ಮನಿಯ ರಾಷ್ಟ್ರೀಯ ರಜೆ, ಅದು ಶುಕ್ರವಾರಕ್ಕೋ ಸೋಮವಾರಕ್ಕೋ ತಾಗಿದ ವಾರಾಂತ್ಯವನ್ನು ಬಿಟ್ಟುಬಿಡಿ.

ಹಂತ 1: ಹಿಂದಿನಿಂದ ಮುಂದಕ್ಕೆ ಲೆಕ್ಕ

ಒಂದು ಹಾಳೆಯ ಕೆಳತುದಿಯಲ್ಲಿ "ಭಾನುವಾರ ರಾತ್ರಿ 8, ಮ್ಯೂನಿಕ್" ಎಂದು ಬರೆದು ಮೇಲಕ್ಕೆ ಹತ್ತಿ. ಬೆರ್ಖ್ಟೆಸ್‌ಗಾಡೆನ್‌ನಿಂದ ಮ್ಯೂನಿಕ್‌ಗೆ, ಫ್ರೈಲಾಸಿಂಗ್‌ನಲ್ಲಿ ಒಮ್ಮೆ ರೈಲು ಬದಲಿಸಿ, ಎರಡೂ ಮುಕ್ಕಾಲರಿಂದ ಮೂರು ಗಂಟೆ. ಅಂದರೆ ಸಂಜೆ 5ರೊಳಗೆ ಬೆರ್ಖ್ಟೆಸ್‌ಗಾಡೆನ್ ನಿಲ್ದಾಣದಲ್ಲಿರಬೇಕು. ಸರೋವರದಿಂದ ಅಲ್ಲಿಗೆ 841ನೇ ನಂಬರಿನ ಬಸ್ಸು, ಹತ್ತು ನಿಮಿಷ. ಆದರೆ ಸಂಜೆ ಬಸ್ಸು ತುಂಬಿ ಒಂದನ್ನು ಬಿಡಬೇಕಾಗಬಹುದು, ಆದ್ದರಿಂದ 4ಕ್ಕೆ ಬಸ್ ನಿಲ್ದಾಣ. ದೋಣಿ ಇಳಿಯುವುದು ಮೂರೂವರೆಗೆ. ಸರೋವರದ ನಡುದಾರಿಯ ದೋಣಿ ನಿಲುಗಡೆಯಾದ ಸೇಂಟ್ ಬಾರ್ತೊಲೊಮೆಯಿಂದ ದೋಣಿ ಪ್ರಯಾಣ 35 ನಿಮಿಷ, ಜೊತೆಗೆ ಬಿಸಿಲಿನ ದಿನ ಹಿಂದಿರುಗುವ ಸಾಲಿಗೆ ಒಂದು ಗಂಟೆ ಇಡಲೇಬೇಕು. ಅಲ್ಲಿಗೆ ಮಧ್ಯಾಹ್ನ ಎರಡರ ಮೊದಲೇ ಸಾಲಿನಲ್ಲಿರಬೇಕು ಎಂದಾಯಿತು.

ಈ ಲೆಕ್ಕ ಹಾಕಿದ ಮೇಲೆ ಇನ್ನೊಂದು ಸಂಗತಿ ತಾನಾಗಿ ಸ್ಪಷ್ಟವಾಗುತ್ತದೆ: ಸರೋವರವನ್ನು ಶನಿವಾರಕ್ಕೆ ಇಟ್ಟುಕೊಳ್ಳಬಾರದು. ಮ್ಯೂನಿಕ್‌ನಿಂದ ಎಷ್ಟೇ ಬೇಗ ಹೊರಟರೂ ದಂಡೆ ತಲುಪುವಾಗ ಹನ್ನೊಂದಾಗಿರುತ್ತದೆ, ದೋಣಿಯ ಸಾಲು ಅತಿ ಉದ್ದ ಇರುವುದೂ ಆ ಹೊತ್ತಿಗೇ. ಶನಿವಾರ ರಾತ್ರಿ ಅಲ್ಲೇ ಉಳಿದರೆ ಭಾನುವಾರದ ಮೊದಲ ದೋಣಿಗಳು ನಿಮ್ಮವು. ಒಂದು ರಾತ್ರಿಯ ಬಾಡಿಗೆ ಕೊಡುವುದೇ ಈ ಎರಡು ಗಂಟೆಗಾಗಿ.

ಹಂತ 2: ಬುಧವಾರದೊಳಗೆ ಜನ ಮತ್ತು ಹಾಸಿಗೆ

ಐವರು ಸರಿಯಾದ ಸಂಖ್ಯೆ. ಗುಂಪು ಟಿಕೆಟ್ಟಿನ ಮಿತಿ ಐದು, ರೈಲಿನಲ್ಲಿ ಅಕ್ಕಪಕ್ಕ ಕೂರಲೂ ಕಷ್ಟವಿಲ್ಲ. ಎಂಟು ಜನರಾದರೆ ಒಂದು ಗುಂಪು ಕಾಫಿಗೆ ನಿಂತಾಗ ಇನ್ನೊಂದು ಬಸ್ ಹತ್ತಿರುತ್ತದೆ.

"ನೋಡೋಣ", "ಪ್ರೊಫೆಸರ್ ಮೇಲ್ ಬಂದ್ರೆ ಹೇಳ್ತೀನಿ" ಎನ್ನುವವರಿಗೆ ಗಡುವು ಕೊಡಿ, ಹಣ ಕೊಟ್ಟವರು ಮಾತ್ರ ಲೆಕ್ಕಕ್ಕೆ. ತಲೆಗೆ 50 ಯೂರೋ ಮುಂಗಡ ಒಬ್ಬರ ಖಾತೆಗೆ ಬರಲಿ, ಕೊನೆಯ ಗಳಿಗೆಯಲ್ಲಿ ಕೈಕೊಟ್ಟವರ ಹಾಸಿಗೆಯ ಹಣ ವಾಪಸ್ಸಿಲ್ಲ ಎಂದು ಮೊದಲೇ ಹೇಳಿಬಿಡಿ. ಸಂಕೋಚ ಆಗುತ್ತದೆ, ನಿಜ. ಆದರೆ ನಾಲ್ವರು ಸೇರಿ ಐದನೆಯವರ ಬಾಡಿಗೆ ಹಂಚಿಕೊಂಡಾಗ ಆಗುವ ಕಹಿ ಸೆಮಿಸ್ಟರ್ ಪೂರ್ತಿ ಉಳಿಯುತ್ತದೆ. ಖರ್ಚು ಬರೆಯಲು ಸ್ಪ್ಲಿಟ್‌ವೈಸ್ ಆಪ್ ಸಾಕು. ದೋಣಿ ಟಿಕೆಟ್, ಊಟ, ಬಿಯರ್ ಬೇರೆ ಬೇರೆ ನಮೂದಾಗಲಿ, ಕುಡಿಯದವರು ಬಿಯರ್ ಹಣ ಕೊಡುವುದು ನ್ಯಾಯವಲ್ಲ.

ವಸತಿಗೆ ಮೊದಲು ನೋಡಬೇಕಾದದ್ದು ಯೂತ್ ಹಾಸ್ಟೆಲ್. ಜರ್ಮನ್ನಲ್ಲಿ ಯುಗೆಂಡ್‌ಹೆರ್ಬೆರ್ಗೆ. ಬೆರ್ಖ್ಟೆಸ್‌ಗಾಡೆನ್‌ನದು ಪಕ್ಕದ ಬಿಷೋಫ್ಸ್‌ವೀಸನ್‌ನ ಸ್ಟ್ರುಬ್ ಎಂಬಲ್ಲಿದೆ. ಸದಸ್ಯತ್ವ ಕಡ್ಡಾಯ, 26 ವರ್ಷದವರೆಗೆ ಶುಲ್ಕ ಕಡಿಮೆ. ಬೆಳಗಿನ ತಿಂಡಿ, ಹಾಸಿಗೆ ಬಟ್ಟೆ ಸೇರಿಯೇ ದರ. ಟವೆಲ್ ನಿಮ್ಮದು. ರಿಸೆಪ್ಷನ್ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಬುಕ್ಕಿಂಗ್ ಪತ್ರದಲ್ಲಿ ಓದಿಕೊಳ್ಳಿ. ಹಳ್ಳಿಗಾಡಿನ ಅತಿಥಿಗೃಹಗಳಲ್ಲೂ ಅಷ್ಟೇ, ರಾತ್ರಿ ಒಂಬತ್ತಕ್ಕೆ ಹೋದರೆ ಬಾಗಿಲು ತೆಗೆಯಲು ಯಾರೂ ಇರಲಿಕ್ಕಿಲ್ಲ. ರಾತ್ರಿ 10ರ ನಂತರ ಸದ್ದು ಮಾಡುವಂತಿಲ್ಲ, ಇದು ಗೋಡೆಯ ಮೇಲೆ ಬರೆದ ಅಲಂಕಾರವಲ್ಲ. ಅಂತ್ಯಾಕ್ಷರಿ ಸರೋವರದ ದಂಡೆಗೆ ಮೀಸಲಿರಲಿ.

ಎಲ್ಲಿ ಉಳಿದರೂ ತಲೆಗೆ, ರಾತ್ರಿಗೆ ಕೆಲವು ಯೂರೋ ಪ್ರವಾಸಿ ತೆರಿಗೆ ಕೊಡಬೇಕು. ಬದಲಿಗೆ ಅತಿಥಿ ಕಾರ್ಡ್ ಸಿಗುತ್ತದೆ, ಅದನ್ನು ಕೇಳಿ ಪಡೆಯಿರಿ. ಸುತ್ತಲಿನ ಬಸ್ಸುಗಳು ಆ ಕಾರ್ಡಿನ ಮೇಲೆ ಉಚಿತ.

ಹಂತ 3: ಟಿಕೆಟ್

ಹಣ ಸುಮ್ಮನೆ ಪೋಲಾಗುವುದು ಹೆಚ್ಚಾಗಿ ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಡಾಯ್ಚ್‌ಲಾಂಡ್ ಟಿಕೆಟ್ ಇದ್ದವರು ಇನ್ನೇನೂ ಕೊಳ್ಳಬೇಕಿಲ್ಲ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ಈ ಮಾಸಿಕ ಚಂದಾ 2025ರಲ್ಲಿ 58, 2026ರಲ್ಲಿ 63 ಯೂರೋ ಆಯಿತು. ವಿದ್ಯಾರ್ಥಿಗಳಿಗೆ ರಿಯಾಯಿತಿ ದರವಿದೆ, ನಿಮ್ಮ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ದೇಶದ ಎಲ್ಲ ಪ್ರಾದೇಶಿಕ ರೈಲು, ಎಸ್-ಬಾನ್ (ನಗರದ ಲೋಕಲ್ ರೈಲು), ಟ್ರಾಮ್ ಮತ್ತು ಸ್ಥಳೀಯ ಬಸ್ಸುಗಳಿಗೆ ನಡೆಯುತ್ತದೆ. ಗಡಿಯಾಚೆಯ ಸಾಲ್ಜ್‌ಬರ್ಗ್ ಮುಖ್ಯ ನಿಲ್ದಾಣದವರೆಗೂ ಪ್ರಾದೇಶಿಕ ರೈಲಿನಲ್ಲಿ ಮಾನ್ಯ. ವೇಗದ ರೈಲುಗಳಾದ ಐಸಿಇ, ಐಸಿ, ಇಸಿ, ರೈಲ್‌ಜೆಟ್‌ಗಳಲ್ಲಿ ನಡೆಯುವುದಿಲ್ಲ. ಮ್ಯೂನಿಕ್–ಸಾಲ್ಜ್‌ಬರ್ಗ್ ಹಳಿಯ ಮೇಲೆ ಎರಡೂ ಬಗೆಯ ರೈಲುಗಳು ಓಡುವುದರಿಂದ ಅವಸರದಲ್ಲಿ ತಪ್ಪು ರೈಲು ಹತ್ತುವವರು ಬಹಳ. ಫಲಕದಲ್ಲಿ ಬಿಆರ್‌ಬಿ (ಪ್ರಾದೇಶಿಕ ರೈಲು ಓಡಿಸುವ ಕಂಪನಿ) ಎಂದಿದ್ದರೆ ಅದು ನಿಮ್ಮದು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೋ. ಟಿಕೆಟ್ ಫೋನಿನಲ್ಲೇ ಇರುವುದರಿಂದ ಬ್ಯಾಟರಿ ಸತ್ತರೂ ಟಿಕೆಟ್ ಇಲ್ಲದಂತೆಯೇ. ಐವರಿಗೆ ಎರಡು ಪವರ್ ಬ್ಯಾಂಕ್ ಇರಲಿ.

ಚಂದಾ ಇಲ್ಲದವರಿಗೆ ಬಯರ್ನ್ (ಬವೇರಿಯಾ ರಾಜ್ಯದ) ಟಿಕೆಟ್. ಒಂದು ಟಿಕೆಟ್ಟಿನಲ್ಲಿ ಐದು ಜನ, ಐವರಿದ್ದರೆ ತಲೆಗೆ ಸುಮಾರು 15 ಯೂರೋ. ಇದರಲ್ಲಿ ಮೂರು ಕೊಕ್ಕೆಗಳಿವೆ. ಒಂದು, ಇದು ಒಂದು ದಿನದ್ದು: ಶನಿವಾರ, ಭಾನುವಾರಗಳಲ್ಲಿ ಮಧ್ಯರಾತ್ರಿಯಿಂದ ಮರುದಿನ ಬೆಳಗಿನ 3ರವರೆಗೆ. ಹೋಗಲೊಂದು, ಬರಲೊಂದು ಕೊಳ್ಳಬೇಕು. ಎರಡು, ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9ರ ನಂತರವೇ ಮಾನ್ಯ. ಮೂರು, ಪ್ರಯಾಣಿಸುವ ಎಲ್ಲರ ಹೆಸರೂ ಅದರ ಮೇಲಿರಬೇಕು, ಖಾಲಿ ಬಿಟ್ಟರೆ ತಪಾಸಣೆಯಲ್ಲಿ ತಕರಾರು. ಚಂದಾ ಇದ್ದವರನ್ನು ಈ ಟಿಕೆಟ್ಟಿಗೆ ಸೇರಿಸಬೇಡಿ, ಇಲ್ಲದವರನ್ನಷ್ಟೇ ಎಣಿಸಿ. ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಚಂದಾ ಇಲ್ಲವಾದರೆ ಎರಡು ದಿನದ ಬಯರ್ನ್ ಟಿಕೆಟ್ಟಿಗೂ ಒಂದು ತಿಂಗಳ ಚಂದಾಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ, ಅವರು ಚಂದಾ ತೆಗೆದುಕೊಳ್ಳುವುದೇ ಲೇಸು. ಮುಂದುವರಿಸುವ ಮನಸ್ಸಿಲ್ಲದಿದ್ದರೆ ಆ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡಬೇಕು. ಮರೆತರೆ ಮುಂದಿನ ತಿಂಗಳ ಹಣವೂ ಹೋಯಿತು.

ಡಿಬಿ ನ್ಯಾವಿಗೇಟರ್ ಆಪ್‌ನಲ್ಲಿ ಹುಡುಕುವಾಗ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುವ ರೈಲುಗಳನ್ನಷ್ಟೇ ತೋರಿಸುವ ಆಯ್ಕೆಯನ್ನು ಒತ್ತಿ, ರೈಲು ಬದಲಿಸುವ ಸಮಯವನ್ನು ಕನಿಷ್ಠ 10 ನಿಮಿಷಕ್ಕೆ ಏರಿಸಿ. ಆಪ್ ತಾನಾಗಿ ಕೊಡುವ ನಾಲ್ಕೈದು ನಿಮಿಷದ ಸಂಪರ್ಕ ಕಾಗದದ ಮೇಲೆ ಚೆಂದ. ಶುಕ್ರವಾರ ರಾತ್ರಿ ಮತ್ತೊಮ್ಮೆ ನೋಡಿ: ಹಳಿ ದುರಸ್ತಿಗಳನ್ನು ವಾರಾಂತ್ಯಕ್ಕೆ ಹಾಕುವುದು ಹೆಚ್ಚು. "ಶೀನನ್‌ಎರ್ಜಾಟ್ಸ್‌ಫೆರ್ಕೇರ್" ಎಂಬ ಉದ್ದ ಪದ ಕಂಡರೆ ರೈಲಿನ ಬದಲು ಬಸ್ಸು ಎಂದರ್ಥ. ಬಸ್ಸು ಹೊರಡುವುದು ನಿಲ್ದಾಣದ ಹೊರಗಿನಿಂದ, ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಹಂತ 4: ಕಾಗದಪತ್ರ

ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡ್, ಆರೋಗ್ಯ ವಿಮೆಯ ಕಾರ್ಡ್. ಮೂರೂ ಮೂಲಪ್ರತಿ, ಫೋಟೋ ಸಾಲದು. ನೀವು ಆಸ್ಟ್ರಿಯಾಕ್ಕೆ ಹೋಗದಿದ್ದರೂ ಫ್ರೈಲಾಸಿಂಗ್ ಗಡಿ ನಿಲ್ದಾಣ. ಈ ಗಡಿಯಲ್ಲಿ 2015ರಿಂದಲೂ ತಪಾಸಣೆ ಇದೆ, ಪೊಲೀಸರು ರೈಲಿನೊಳಗೆ ಬಂದು ಕೇಳುತ್ತಾರೆ. ಮ್ಯೂನಿಕ್‌ನಿಂದ ಬರುವ ರೈಲು ಸಾಲ್ಜ್‌ಬರ್ಗ್‌ಗೆ ಹೋಗುವಂಥದ್ದು. ಫ್ರೈಲಾಸಿಂಗ್‌ನಲ್ಲಿ ನಿದ್ದೆ ಹೋಗಿದ್ದರೆ ಕಣ್ಣು ಬಿಡುವಾಗ ಇನ್ನೊಂದು ದೇಶ. ಪರವಾನಗಿ ನವೀಕರಣಕ್ಕೆ ಕೊಟ್ಟು ಬರಿಯ ತಾತ್ಕಾಲಿಕ ಪತ್ರ ಹಿಡಿದಿರುವವರು ಆ ಅವಧಿಯಲ್ಲಿ ಸಾಲ್ಜ್‌ಬರ್ಗ್ ಆಸೆ ಬಿಟ್ಟು ಜರ್ಮನಿಯೊಳಗೇ ಇರುವುದು ಕ್ಷೇಮ.

ಹಂತ 5: ಬುತ್ತಿ ಮತ್ತು ಚೀಲ

ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ. ಬವೇರಿಯಾದಲ್ಲಿ ಶನಿವಾರವೂ ಸೂಪರ್‌ಮಾರ್ಕೆಟ್ ರಾತ್ರಿ 8ಕ್ಕೆ ಬಂದ್. ಆದ್ದರಿಂದ ಶುಕ್ರವಾರವೇ ಅಡುಗೆಮನೆಗೆ ಇಳಿಯಬೇಕು.

ಐವರಿಗೆ ಒಂದು ಹೊತ್ತಿಗೆ ಗೊಜ್ಜವಲಕ್ಕಿಯಷ್ಟು ಹೊಂದುವ ಬುತ್ತಿ ಇನ್ನೊಂದಿಲ್ಲ. ಒಲೆ ಬೇಡ, ಕೆಡುವುದೂ ಇಲ್ಲ. 500 ಗ್ರಾಂ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ಹಾಕಿ ರವೆಗಿಂತ ದಪ್ಪಗೆ ಒಡೆಯಿರಿ. ಹಿಟ್ಟಾದರೆ ಮುದ್ದೆಯಾಗುತ್ತದೆ. ಅದಕ್ಕೆ 60 ಗ್ರಾಂ ಪುಳಿಯೋಗರೆ ಪುಡಿ, 50 ಗ್ರಾಂ ಒಣಕೊಬ್ಬರಿ ತುರಿ, ಎರಡು ಚಮಚ ಬೆಲ್ಲದ ಪುಡಿ, ರುಚಿಗೆ ಉಪ್ಪು, ಎಣ್ಣೆಯಲ್ಲಿ ಹುರಿದು ಪೂರ್ತಿ ತಣಿಸಿದ 100 ಗ್ರಾಂ ಕಡಲೆಕಾಯಿ, ಸಾಸಿವೆ ಕರಿಬೇವಿನ ಒಗ್ಗರಣೆ. ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದರೆ ಒಳಗೆ ಬೆವರು ಕಟ್ಟಿ ಅವಲಕ್ಕಿ ಮೆತ್ತಗಾಗುತ್ತದೆ. ತಿನ್ನುವಾಗ ಫ್ಲಾಸ್ಕಿನ ಬಿಸಿನೀರು: ಒಬ್ಬರ ಪಾಲಿಗೆ ಮೊದಲು 100 ಮಿ.ಲೀ., ಮುಚ್ಚಿ ಹತ್ತು ನಿಮಿಷ ಬಿಟ್ಟು, ಗಡಸಾಗಿದ್ದರೆ ಇನ್ನೊಂದಿಷ್ಟು ಚಿಮುಕಿಸಿ.

ಶನಿವಾರ ಮಧ್ಯಾಹ್ನಕ್ಕೆ ತಲೆಗೆ ನಾಲ್ಕು ಚಪಾತಿ, ಚಟ್ನಿಪುಡಿ, ತುಪ್ಪ. ಮೊಸರನ್ನು ಅಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ ಕೊಳ್ಳಿ. ಅನ್ನದ ಬುತ್ತಿಗೆ ಕೈ ಹಾಕಬೇಡಿ. ಬೆಂದ ಅನ್ನ ಹೊರಗೆ ಹೆಚ್ಚು ಹೊತ್ತು ಉಳಿದರೆ ಅದರಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಶುಕ್ರವಾರ ರಾತ್ರಿಯ ಚಿತ್ರಾನ್ನವನ್ನು ಭಾನುವಾರ ತಿಂದು ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಳ್ಳುವುದು ಯಾರಿಗೂ ಬೇಡ.

ಸಸ್ಯಾಹಾರಿಗಳಿಗೆ ಹೋಟೆಲಿನಲ್ಲಿ ನಂಬಬಹುದಾದದ್ದು ಕೇಜೆಶ್ಪೆಟ್ಸ್ಲೆ, ಅಂದರೆ ಚೀಸ್ ಬೆರೆತ ಮೊಟ್ಟೆ-ಹಿಟ್ಟಿನ ಶಾವಿಗೆಯಂಥದ್ದು. ಮೊಟ್ಟೆಯೂ ಬೇಡವಾದರೆ ಬ್ರೆಟ್ಸೆಲ್ ಮತ್ತು ಸಲಾಡ್, ಅಷ್ಟೇ. ಬ್ರೆಟ್ಸೆಲ್‌ಗೂ ಕೆಲವು ಬೇಕರಿಗಳು ಹಂದಿಕೊಬ್ಬು ಹಾಕುತ್ತವೆ, ಕೇಳಿ ಕೊಳ್ಳಿ. ಬವೇರಿಯಾದ ಆಲೂಗಡ್ಡೆ ಸಲಾಡ್ ನೋಡಲು ಸಾಧು, ಆದರೆ ಅದಕ್ಕೆ ಮಾಂಸದ ಸಾರು ಬೆರೆಸುವುದು ಇಲ್ಲಿನ ರೂಢಿ. "ಶ್ಪೆಕ್" ಎಂಬ ಪದ ಕಂಡರೆ ಹಂದಿಮಾಂಸ.

ಚೀಲ 25 ಲೀಟರಿಗಿಂತ ದೊಡ್ಡದಿರಬಾರದು. ಭಾನುವಾರ ಕೊಠಡಿ ಬಿಟ್ಟ ಮೇಲೆ ಚೀಲವನ್ನು ಹಾಸ್ಟೆಲಿನಲ್ಲೇ ಇಟ್ಟರೆ ಸಂಜೆ ಅದನ್ನು ತರಲೆಂದೇ ಒಂದು ಗಂಟೆ ಕಳೆಯುತ್ತದೆ. ಬೆನ್ನಿಗೆ ಹಾಕಿಕೊಂಡೇ ನಡೆಯುವಷ್ಟು ಹಗುರ ಇರಲಿ: ಒಂದು ಜೊತೆ ಬಟ್ಟೆ, ಮಳೆಯಂಗಿ, ಒಂದು ಸ್ವೆಟರ್, ಹಲ್ಲುಳ್ಳ ಅಟ್ಟೆಯ ಶೂ, ಒಂದು ಲೀಟರ್ ನೀರು, ತಲೆಗೆ 50 ಯೂರೋ ನಗದು. ಮಲೆಯ ಮೇಲಿನ ಗುಡಿಸಲುಗಳಲ್ಲಿ ಕಾರ್ಡ್ ನಡೆಯುತ್ತದೆಂದು ನಂಬಿ ಹೋಗಬಾರದು. ಖಾಲಿ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ವಾಪಸ್ ಬರುತ್ತದೆ, ಬಿಸಾಡಬೇಡಿ.

ಹಂತ 6: ಶನಿವಾರ

ಬೆಳಿಗ್ಗೆ 7ರ ಆಸುಪಾಸಿನ ರೈಲು ಹಿಡಿಯಿರಿ. ಎಂಟರ ನಂತರದ ರೈಲುಗಳಲ್ಲಿ ಬೆಟ್ಟ ಹತ್ತುವವರು, ಸೈಕಲ್ಲಿನವರು ತುಂಬಿ ಐವರಿಗೆ ಒಟ್ಟಿಗೆ ಜಾಗ ಸಿಗುವುದಿಲ್ಲ. ಫ್ರೈಲಾಸಿಂಗ್‌ನಿಂದ ಬೆರ್ಖ್ಟೆಸ್‌ಗಾಡೆನ್‌ಗೆ ಸುಮಾರು 50 ನಿಮಿಷದ ಚಿಕ್ಕ ರೈಲು, ಬಾಡ್ ರೈಖೆನ್‌ಹಾಲ್ ದಾಟಿದ ಮೇಲೆ ಕಣಿವೆ ಏರುತ್ತದೆ. ಅಲ್ಲಿ ಫೋನು ಕೆಳಗಿಡಿ.

ಚಪಾತಿ ಮುಗಿಸಿ 846ನೇ ಬಸ್ಸಿನಲ್ಲಿ ರಾಮ್‌ಸಾವ್‌ಗೆ. ಹೊಳೆ, ಮರದ ಸೇತುವೆ, ಹಿಂದೆ ಬೆಟ್ಟ, ಮಧ್ಯೆ ಸೇಂಟ್ ಸೆಬಾಸ್ಟಿಯನ್ ಚರ್ಚು: ಕ್ಯಾಲೆಂಡರ್‌ಗಳಲ್ಲಿ ನೋಡಿರುವ ಚಿತ್ರವೇ. ಅಲ್ಲಿಂದ ಬಂಡೆಗಳ ನಡುವಿನ ಕಾಡುದಾರಿಯಲ್ಲಿ ಹಿಂಟರ್‌ಸೀ ಎಂಬ ಪುಟ್ಟ ಕೊಳದವರೆಗೆ ನಡೆದು, ಅದನ್ನೊಂದು ಸುತ್ತು ಹಾಕಿ, ಅದೇ ಬಸ್ಸಿನಲ್ಲಿ ವಾಪಸ್. ಮಳೆ ಬಂದರೆ ಇದನ್ನು ಬಿಟ್ಟು ಉಪ್ಪಿನ ಗಣಿಗೆ ಹೋಗಿ. 1517ರಲ್ಲಿ ಶುರುವಾದ ಗಣಿ, ಒಳಗೆ ಪುಟ್ಟ ರೈಲು, ಮರದ ಜಾರುಬಂಡೆ, ವರ್ಷವಿಡೀ ಸುಮಾರು 12 ಡಿಗ್ರಿ. ಸ್ವೆಟರ್ ಉಪಯೋಗಕ್ಕೆ ಬರುವುದು ಆಗ.

ಸಂಜೆ ಏಳರೊಳಗೆ ಸೂಪರ್‌ಮಾರ್ಕೆಟ್: ಭಾನುವಾರಕ್ಕೆ ಬ್ರೆಡ್, ಹಣ್ಣು, ಮೊಸರು, ನೀರು. ಹಾಸ್ಟೆಲಿನ ತಿಂಡಿ ಶುರುವಾಗುವ ಮೊದಲೇ ಹೊರಡುವುದಾದರೆ ಪೊಟ್ಟಣ ಕಟ್ಟಿಕೊಡುವಂತೆ ರಾತ್ರಿಯೇ ಕೇಳಿ.

ಹಂತ 7: ಭಾನುವಾರ, ಸರೋವರ

ಭಾನುವಾರ ಬೆಳಗಿನ ಬಸ್ಸು ವಿರಳ, ಹಿಂದಿನ ರಾತ್ರಿಯೇ ಸಮಯ ನೋಡಿಡಿ. ಬೇಸಿಗೆಯಲ್ಲಿ ದೋಣಿ ಎಂಟರ ಸುಮಾರಿಗೆ ಶುರು. ಮೊದಲನೆಯದು ತಪ್ಪಿದರೂ ಒಂಬತ್ತರೊಳಗೆ ಹತ್ತಿದರೆ ಸಾಕು. ಟಿಕೆಟ್ ಕೊಳ್ಳುವಾಗ ಸರೋವರದ ಆಚೆ ತುದಿಯ ಸಾಲೆಟ್‌ವರೆಗೆ ಎಂದು ಹೇಳಿ. ಸೇಂಟ್ ಬಾರ್ತೊಲೊಮೆವರೆಗಿನದು ಅಗ್ಗ, ಆದರೆ ಸರೋವರದ ಅತ್ಯುತ್ತಮ ಭಾಗ ಅದರಾಚೆಗಿದೆ. ಸಾಲೆಟ್ ಟಿಕೆಟ್ಟಿನಲ್ಲಿ ವಾಪಸ್ಸಾಗುವಾಗ ಬಾರ್ತೊಲೊಮೆಯಲ್ಲಿ ಇಳಿದು ಹತ್ತಬಹುದು. ದೋಣಿಗೆ ತಲೆಗೆ 30 ಯೂರೋ ಎತ್ತಿಡಿ.

1909ರಿಂದಲೂ ಇಲ್ಲಿ ಓಡುವುದು ವಿದ್ಯುತ್ ದೋಣಿಗಳು, ಹಾಗಾಗಿ ಸದ್ದೇ ಇಲ್ಲ. ಒಂದೆಡೆ ದೋಣಿ ನಿಲ್ಲಿಸಿ ಅಂಬಿಗ ತುತ್ತೂರಿ ಊದುತ್ತಾನೆ, ಬಂಡೆಗೋಡೆ ಅದನ್ನು ತಿರುಗಿ ಊದುತ್ತದೆ. ಆಮೇಲೆ ಟೋಪಿ ಬರುತ್ತದೆ, ಒಂದು ಯೂರೋ ನಾಣ್ಯ ಕೈಯಲ್ಲಿರಲಿ. ಹೋಗುವಾಗ ಬಾರ್ತೊಲೊಮೆಯಲ್ಲಿ ಇಳಿಯಬೇಡಿ, ನೇರ ಸಾಲೆಟ್‌ಗೆ. ಒಟ್ಟು 55 ನಿಮಿಷ.

ಸಾಲೆಟ್‌ನಲ್ಲಿ ಇಳಿದ ಕೂಡಲೇ ಮೊದಲ ಕೆಲಸ: ಕೊನೆಯ ದೋಣಿ ಎಷ್ಟಕ್ಕೆ ಎಂಬ ಫಲಕದ ಫೋಟೋ ಐವರ ಫೋನಿನಲ್ಲೂ ಇರಲಿ. ದಂಡೆಗುಂಟ ನಡೆದು ವಾಪಸ್ಸಾಗುವ ದಾರಿ ಇಲ್ಲ, ಬಂಡೆ ನೇರ ನೀರಿಗಿಳಿದಿದೆ.

ಹದಿನೈದು ನಿಮಿಷ ನಡೆದರೆ ಓಬರ್‌ಸೀ, ಚಿಕ್ಕ ಸರೋವರ. ಬೆಳಿಗ್ಗೆ ಗಾಳಿ ಏಳುವ ಮೊದಲು ನೀರು ಕನ್ನಡಿಯಂತಿರುತ್ತದೆ, ದೋಣಿಮನೆಯ ಫೋಟೋ ತೆಗೆಯುವುದು ಆಗಲೇ. ಅದರ ಬಲದಂಡೆಯ ಕಿರುದಾರಿಯಲ್ಲಿ ಫಿಷುಂಕೆಲ್‌ಆಲ್ಮ್ ಎಂಬ ದನಗಾಹಿಗಳ ಗುಡಿಸಲಿಗೆ ಇನ್ನೂ ಮುಕ್ಕಾಲು ಗಂಟೆ. ಕೆಲವೆಡೆ ದಾರಿ ಕಿರಿದು, ಬಂಡೆಗೆ ಉಕ್ಕಿನ ಹಗ್ಗ ಬಿಗಿದಿದೆ, ಒದ್ದೆಯಾಗಿದ್ದರೆ ಜಾರುತ್ತದೆ. ಮಳೆ ಬಿದ್ದ ಬೆಳಿಗ್ಗೆ ದೋಣಿಮನೆಯಿಂದಲೇ ಹಿಂತಿರುಗಿ. ಗುಡಿಸಲಿನಲ್ಲಿ ಬ್ರೆಡ್ಡು, ಚೀಸು, ಬುಟರ್‌ಮಿಲ್ಷ್ ಸಿಗುತ್ತದೆ. ಈ ಕೊನೆಯದು ನಮ್ಮ ಮಜ್ಜಿಗೆಯೇ, ಇಂಗು ಕರಿಬೇವು ಇಲ್ಲದ ದಪ್ಪ ಮಜ್ಜಿಗೆ. ಅಲ್ಲಿಂದ ಅರ್ಧ ಗಂಟೆ ಒಳಗೆ 470 ಮೀಟರ್ ಎತ್ತರದಿಂದ ಬೀಳುವ ರ್ಯೋಟ್‌ಬಾಖ್ ಜಲಪಾತ. ಸಾಲೆಟ್‌ನಿಂದ ಹೋಗಿ ಬರಲು ಒಟ್ಟು ಮೂರು ಗಂಟೆ ಬೇಕು. ಒಂಬತ್ತೂವರೆಯ ಒಳಗೆ ಸಾಲೆಟ್ ತಲುಪಿಲ್ಲವಾದರೆ ಜಲಪಾತವನ್ನು ಬಿಟ್ಟು ಗುಡಿಸಲಿನಿಂದಲೇ ತಿರುಗಿ. ಬೇಸಿಗೆಯ ಕೊನೆಗೆ ಅದರಲ್ಲಿ ನೀರೂ ಕಡಿಮೆ, ಜೋಗ ನೋಡಿದವರಿಗೆ ನಷ್ಟವಿಲ್ಲ.

ಇನ್‌ಸ್ಟಾಗ್ರಾಮ್‌ನಲ್ಲಿ ಕಾಣುವ, ಸರೋವರದ ಮೇಲೆ ತೂಗುವಂತಿರುವ ಬಂಡೆಕೊಳ ಕೋನಿಗ್ಸ್‌ಬಾಖ್ ಜಲಪಾತದ ತಲೆಯ ಮೇಲಿನದು. 2019ರಲ್ಲಿ ಇಬ್ಬರು ಯುವಕರು ಅಲ್ಲಿ ಮುಳುಗಿ ಸತ್ತರು. ಜನರ ತುಳಿತಕ್ಕೆ ಗಿಡಗಂಟಿ ಹಾಳಾಗಿದ್ದರಿಂದ 2021ರಲ್ಲಿ ಆಡಳಿತ ಅಲ್ಲಿಗೆ ಪ್ರವೇಶವನ್ನೇ ನಿಷೇಧಿಸಿತು. ಗುಂಪಿನಲ್ಲಿ ಯಾರಾದರೂ ಆ ವಿಡಿಯೋ ತೋರಿಸಿಯೇ ತೋರಿಸುತ್ತಾರೆ. ಹೋಗಬೇಡಿ. ಈಜಲೇಬೇಕೆಂದರೆ ದಂಡೆಯಲ್ಲಿ, ಅದೂ ಎದೆಮಟ್ಟದ ನೀರಿನಲ್ಲಿ. ಬೇಸಿಗೆಯಲ್ಲೂ ಕೊರೆಯುವ ಈ ನೀರಿಗೆ ಧುಮುಕಿದರೆ ಉಸಿರು ಕಟ್ಟುತ್ತದೆ. ತುರ್ತು ಕರೆ 112.

ಮಧ್ಯಾಹ್ನ ಒಂದರೊಳಗೆ ಬಾರ್ತೊಲೊಮೆ. ಕೆಂಪು ಗುಮ್ಮಟದ ಚರ್ಚು, ಹಿಂದೆ ವಾಟ್ಸ್‌ಮನ್‌ನ ಪೂರ್ವದ ಗೋಡೆ. ಗೊಜ್ಜವಲಕ್ಕಿ ಇಲ್ಲಿ, ದಂಡೆಯ ಕಲ್ಲುಗಳ ಮೇಲೆ. ಎರಡಕ್ಕೆ ಮುಂಚೆ ಸಾಲಿಗೆ.

ವಾಪಸ್ ಬಸ್ಸು ತುಂಬಿಹೋಗಿ ಮುಂದಿನದಕ್ಕೆ ಬಹಳ ಹೊತ್ತಿದ್ದರೆ ಹೊಳೆಯ ಪಕ್ಕದ ಕಾಲುದಾರಿಯಲ್ಲಿ ಬೆರ್ಖ್ಟೆಸ್‌ಗಾಡೆನ್‌ಗೆ ಒಂದೂಕಾಲು ಗಂಟೆಯಲ್ಲಿ ನಡೆಯಬಹುದು, ಸಮತಟ್ಟು ದಾರಿ. ಫ್ರೈಲಾಸಿಂಗ್‌ನಲ್ಲಿ ಹತ್ತುವ ರೈಲು ಸಾಲ್ಜ್‌ಬರ್ಗ್‌ನಿಂದಲೇ ತುಂಬಿ ಬರುತ್ತದೆ. ಮೆಟ್ಟಿಲ ಬಳಿಯ ಬೋಗಿಗಳನ್ನು ಬಿಟ್ಟು ಪ್ಲಾಟ್‌ಫಾರ್ಮಿನ ತುದಿಗೆ ನಡೆಯಿರಿ, ಜಾಗ ಅಲ್ಲಿರುತ್ತದೆ. ಆ ರೈಲು ರದ್ದಾದರೆ ಪಕ್ಕದ ಹಳಿಗೆ ಬಂದ ರೈಲ್‌ಜೆಟ್ ಹತ್ತುವ ಆಸೆ ಬೇಡ, ಡಾಯ್ಚ್‌ಲಾಂಡ್ ಟಿಕೆಟ್ಟಿಗೂ ಬಯರ್ನ್ ಟಿಕೆಟ್ಟಿಗೂ ಅದರಲ್ಲಿ ಬೆಲೆಯಿಲ್ಲ. ಮುಂದಿನ ಬಿಆರ್‌ಬಿ ಸಾಮಾನ್ಯವಾಗಿ ಒಂದು ಗಂಟೆಯ ಮೇಲೆ ಬರುತ್ತದೆ. ಐದಕ್ಕೆ ಬೆರ್ಖ್ಟೆಸ್‌ಗಾಡೆನ್‌ನಲ್ಲಿದ್ದರೆ ಆ ಒಂದು ಗಂಟೆ ತಡವಾದರೂ ರಾತ್ರಿ ಒಂಬತ್ತಕ್ಕೆ ಮ್ಯೂನಿಕ್‌ನಲ್ಲಿರುತ್ತೀರಿ. ಸ್ಪ್ಲಿಟ್‌ವೈಸ್ ಲೆಕ್ಕವನ್ನು ಆ ಪ್ಲಾಟ್‌ಫಾರ್ಮಿನಲ್ಲೇ ಮುಗಿಸಿ, ಸೋಮವಾರ ಯಾರೂ ಫೋನ್ ಎತ್ತುವುದಿಲ್ಲ.